ಓವನ್‌ಗೆ ಸರಿಯಾದ ಲೈನ್ ಹಾಕುವುದು, ಕೆಟ್ಟರೆ ತಪ್ಪು ಹುಡುಕುವುದು: ಡಿಬಿಯಿಂದ ಕಾಯಿಲ್‌ವರೆಗೆ

ಅಡುಗೆಮನೆಯಲ್ಲಿ ಮೀನಿನ ವಾಸನೆ. ನಮ್ಮದು ಮೀನು ಬೇಯಿಸುವ ಮನೆಯಲ್ಲ. ಮಂಗಳೂರಲ್ಲವಾ, ಪಕ್ಕದ ಮನೆಯಿಂದ ಬರ್ತಿರಬೇಕು ಅಂತ ಅಮ್ಮ ಕಿಟಕಿ ಹಾಕಿದರು. ವಾಸನೆ ಹೋಗಲಿಲ್ಲ, ಜಾಸ್ತಿಯೇ ಆಯಿತು. ಓವನ್‌ನಲ್ಲಿ ಕೇಕ್ ಇಟ್ಟು ಇಪ್ಪತ್ತು ನಿಮಿಷ ಆಗಿತ್ತು. ಸ್ವಿಚ್ ಆಫ್ ಮಾಡಿ, ಪ್ಲಗ್ ಆರಿದ ಮೇಲೆ ಕಿತ್ತು ನೋಡಿದರೆ ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಗುಳ್ಳೆ ಎದ್ದಿತ್ತು, ಪಿನ್ ತನ್ನ ಜಾಗದಲ್ಲೇ ಓಲಾಡುತ್ತಿತ್ತು. ಸ್ವಿಚ್, ಸಾಕೆಟ್‌ಗೆ ಬಳಸುವ ಕೆಲವು ಪ್ಲಾಸ್ಟಿಕ್‌ಗಳು ವಿಪರೀತ ಬಿಸಿಯಾದರೆ ಹೀಗೇ ಹಸಿ ಮೀನಿನ ವಾಸನೆ ಬರುತ್ತದೆ. ಈ ವಾಸನೆಯನ್ನು ನೆನಪಿಟ್ಟುಕೊಳ್ಳಿ.

ಓವನ್‌ಗೆ ಏನೂ ಆಗಿರಲಿಲ್ಲ. ಅದು 28 ಲೀಟರಿನ, 1500 ವ್ಯಾಟಿನ ಒಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವುದು). ಅದರ ದೊಡ್ಡ ಪ್ಲಗ್ಗನ್ನು ಮಿಕ್ಸಿಯ ಸಣ್ಣ ಸಾಕೆಟ್‌ಗೆ ಕನ್ವರ್ಟರ್ ಇಟ್ಟು ಸಿಕ್ಕಿಸಿದ್ದೆವು, ತಪ್ಪು ಅಲ್ಲಿತ್ತು. ಆಮೇಲೆ ನೆಂಟರಿಷ್ಟರ ಮನೆಯ ಸುಮಾರು ಓವನ್‌ಗಳನ್ನು ಬಿಚ್ಚಿ ನೋಡಿದ್ದೇನೆ. ಹೆಚ್ಚಿನ ಕಡೆ ತೊಂದರೆ ಇದ್ದದ್ದು ಗೋಡೆಯಲ್ಲಿ, ಪ್ಲಗ್‌ನಲ್ಲಿ ಅಥವಾ ಅರ್ತ್‌ನಲ್ಲಿ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್). ಓವನ್ ಒಳಗೆ ಬಹಳ ಕಡಿಮೆ. ಹಾಗಾಗಿ ಗೋಡೆಯಿಂದಲೇ ಶುರು ಮಾಡುತ್ತೇನೆ.

ಅದಕ್ಕೂ ಮೊದಲು ಎರಡು ಮಾತು. ಇದು ಕಾಯಿಲ್ ಬಿಸಿಯಾಗಿ ಬೇಯಿಸುವ ಓವನ್‌ಗಳಿಗೆ ಮಾತ್ರ: ಮೇಜಿನ ಮೇಲಿಡುವ ಒಟಿಜಿ, ಇಲ್ಲವೇ ಕ್ಯಾಬಿನೆಟ್ ಒಳಗೆ ಕೂರಿಸುವ ಬಿಲ್ಟ್ ಇನ್ ಓವನ್. ಮೈಕ್ರೋವೇವ್ ಓವನ್ನಿನ ಕವರನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಅದರೊಳಗೆ ಎರಡು ಸಾವಿರ ವೋಲ್ಟ್‌ಗೂ ಜಾಸ್ತಿ ಕರೆಂಟ್ ಓಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ಉಳಿದಿರಬಹುದು. ಎರಡನೆಯದು, ಡಿಬಿ ಬಾಕ್ಸಿನಿಂದ (ಮನೆಯ ಎಲ್ಲ ಲೈನುಗಳು ಹಂಚಿ ಹೋಗುವ ಪೆಟ್ಟಿಗೆ) ಹೊಸ ಲೈನ್ ಎಳೆಯುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರದು. ಅವರು ಯಾವ ವೈರ್ ಹಾಕುತ್ತಾರೆ, ಯಾಕೆ ಹಾಕುತ್ತಾರೆ ಅಂತ ನಿಮಗೂ ಗೊತ್ತಿರಲಿ ಅಂತ ಆ ಭಾಗ ಬರೆದಿದ್ದೇನೆ. ಪ್ಲಗ್ ಕಟ್ಟುವುದು, ಪ್ಲಗ್ ಕಿತ್ತು ಓವನ್ ಪರೀಕ್ಷೆ ಮಾಡುವುದು ಎಚ್ಚರಿಕೆ ಇರುವ ಯಾರಾದರೂ ಮಾಡಬಹುದು.

ಮೊದಲು ಲೆಕ್ಕ

ಓವನ್ನಿನ ಹಿಂದೆಯೋ ಕೆಳಗೋ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿರುವ ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಎಷ್ಟು ಆಂಪ್ ಎಳೆಯುತ್ತದೆ ಅಂತ ಸಿಗುತ್ತದೆ. 1500 ವ್ಯಾಟ್ ಅಂದರೆ 6.5 ಆಂಪ್. 2000 ವ್ಯಾಟ್‌ಗೆ 8.7. ಬಿಲ್ಟ್ ಇನ್ ಓವನ್ 3000 ವ್ಯಾಟ್ ಇದ್ದರೆ 13 ಆಂಪ್.

ನಮ್ಮ ಮನೆಗಳಲ್ಲಿ ಎರಡು ತರದ ಸಾಕೆಟ್ ಇರುತ್ತವೆ, 6 ಆಂಪಿನ ಸಣ್ಣದು ಮತ್ತು 16 ಆಂಪಿನ ದೊಡ್ಡದು. 1500 ವ್ಯಾಟಿನ ಓವನ್ನೇ ಸಣ್ಣ ಸಾಕೆಟ್ಟಿನ ಮಿತಿ ದಾಟಿತು ನೋಡಿ. ಅರ್ಧ ಆಂಪ್ ತಾನೇ ಅನ್ನಬೇಡಿ. ಮಿಕ್ಸಿ ಐದು ನಿಮಿಷ ತಿರುಗಿ ನಿಲ್ಲುತ್ತದೆ, ಓವನ್ ಒಂದು ಗಂಟೆ ಉರಿಯುತ್ತದೆ. ಸಣ್ಣ ಸಾಕೆಟ್‌ನ ಹಿಂದೆ ಸಾಮಾನ್ಯವಾಗಿ ಲೈಟಿನ ಲೈನಿನ ತೆಳು ವೈರ್ ಇರುತ್ತದೆ, ಅದೂ ನಾಲ್ಕು ಕಡೆ ಜಾಯಿಂಟ್ ಆಗಿ ಬಂದಿರುತ್ತದೆ. ಕನ್ವರ್ಟರ್ ಪ್ಲಗ್ ಇದನ್ನೆಲ್ಲ ಮರೆಸಿಬಿಡುತ್ತದೆ. ದೊಡ್ಡ ಪಿನ್ ಸಣ್ಣ ತೂತಿಗೆ ಹೋಗದ ಹಾಗೆ ಮಾಡಿರುವುದೇ ರಕ್ಷಣೆಗೆ, ಆ ರಕ್ಷಣೆಯನ್ನು ತೆಗೆಯಲಿಕ್ಕೆ ದುಡ್ಡು ಕೊಟ್ಟು ಒಂದು ಸಾಮಾನು ತರುತ್ತೇವೆ. ಎಕ್ಸ್‌ಟೆನ್ಷನ್ ಬಾಕ್ಸಿನ ಕಥೆಯೂ ಇದೇ. ಓವನ್‌ಗೆ ಎರಡೂ ಬೇಡ.

ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತದೆ, ಅದನ್ನೂ ಒಮ್ಮೆ ನೋಡಿ. ಗೀಸರ್, ಇಸ್ತ್ರಿ ಪೆಟ್ಟಿಗೆ, ಓವನ್ ಮೂರೂ ಒಟ್ಟಿಗೆ ಓಡಿದರೆ ಐದು ಕಿಲೋವ್ಯಾಟ್ ಹತ್ತಿರ ಹೋಗುತ್ತದೆ.

ಲೈನ್ ಹೇಗಿರಬೇಕು

ಓವನ್‌ಗೆ ಡಿಬಿಯಿಂದ ಪ್ರತ್ಯೇಕ ಲೈನ್ ಬರಬೇಕು, ನಡುವೆ ಬೇರೆ ಯಾವ ಪಾಯಿಂಟೂ ಬೇಡ. ಒಟಿಜಿ ಆದರೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, 16 ಆಂಪಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), 16 ಆಂಪಿನ ಸ್ವಿಚ್ ಮತ್ತು ಸಾಕೆಟ್. ಬಿಲ್ಟ್ ಇನ್ ಓವನ್ 3000 ವ್ಯಾಟ್ ದಾಟಿದರೆ 4 ಸ್ಕ್ವೇರ್ ಎಂಎಂ ಹಾಕಿಸಿ, 20 ಆಂಪಿನ ಎಂಸಿಬಿ ಇರಲಿ, ಎಸಿಗೆ ಹಾಕುವಂಥ 20 ಆಂಪಿನ ಡಬಲ್ ಪೋಲ್ ಸ್ವಿಚ್‌ನಿಂದ ಪ್ಲಗ್ ಇಲ್ಲದೆ ನೇರವಾಗಿ ಸಂಪರ್ಕ ಕೊಡಿಸಿ. ಡಬಲ್ ಪೋಲ್ ಆದರೆ ಫೇಸ್ (ಕರೆಂಟ್ ತರುವ ವೈರ್), ನ್ಯೂಟ್ರಲ್ (ಅದು ವಾಪಸ್ ಹೋಗುವ ವೈರ್) ಎರಡೂ ಕಡಿಯುತ್ತದೆ. ಈ ಸ್ವಿಚ್ಚನ್ನು ಓವನ್ ಹಿಂದೆ ಇಡಬೇಡಿ, ಪಕ್ಕದ ಕಪಾಟಿನಲ್ಲೋ ಕಟ್ಟೆಯ ಮೇಲೋ ಕೈಗೆ ಸಿಗುವ ಹಾಗಿರಲಿ. ಹೊಗೆ ಬಂದಾಗ ಓವನ್ ಹಿಂದಕ್ಕೆ ಯಾರು ಕೈ ಹಾಕುತ್ತಾರೆ?

ಎಂಸಿಬಿ ಇರುವುದು ವೈರನ್ನು ಕಾಪಾಡಲು. ಓವನ್ ಹಾಕಿದಾಗ ಪದೇ ಪದೇ ಬೀಳುತ್ತದೆ ಅಂತ 16 ತೆಗೆದು 32 ಹಾಕಿಸಿದವರನ್ನು ನೋಡಿದ್ದೇನೆ. ಎಂಸಿಬಿ ಬೀಳುವುದು ನಿಂತಿತು ನಿಜ, ಆದರೆ ಇನ್ನು ಮೇಲೆ ಗೋಡೆಯೊಳಗಿನ ವೈರ್ ಬಿಸಿಯಾದರೂ ತಡೆಯುವವರಿಲ್ಲ. ಪಿವಿಸಿ ವೈರಿನ ಹೊದಿಕೆ 70 ಡಿಗ್ರಿವರೆಗೆ ಅಂತ ಮಾಡಿರುವುದು. ಪೈಪಿನೊಳಗೆ ಅದು ಮೆತ್ತಗಾಗುತ್ತಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ.

ಡಿಬಿಯಲ್ಲಿ 30 ಮಿಲಿ ಆಂಪಿನ ಆರ್‌ಸಿಸಿಬಿ ಇರಲೇಬೇಕು, ಕರೆಂಟ್ ಅರ್ತ್‌ಗೆ ಸೋರಿದರೆ ಬೀಳುವ, ಟೆಸ್ಟ್ ಬಟನ್ ಇರುವ ಅಗಲದ ಸ್ವಿಚ್ ಅದು. ನಮ್ಮಲ್ಲಿ ಹೆಚ್ಚಿನವರು ಅದನ್ನೇ ಇಎಲ್‌ಸಿಬಿ ಅನ್ನುತ್ತಾರೆ. ತಿಂಗಳಿಗೊಮ್ಮೆ ಆ ಬಟನ್ ಒತ್ತಿ, ಬೀಳಬೇಕು. ಬೀಳದಿದ್ದರೆ ಓವನ್ ಗೀವನ್ ಎಲ್ಲ ಬಿಟ್ಟು ಮೊದಲು ಅದನ್ನು ಬದಲಿಸಿ.

ಇನ್ವರ್ಟರ್ ಇರುವ ಮನೆಯಾದರೆ ಓವನ್ ಲೈನ್ ಅದಕ್ಕೆ ಸೇರಿಲ್ಲ ತಾನೇ ಅಂತ ಖಚಿತ ಮಾಡಿಕೊಳ್ಳಿ. ಮೇನ್ ಆಫ್ ಮಾಡಿದ್ದೇನೆ ಅಂತ ಧೈರ್ಯವಾಗಿ ವೈರ್ ಮುಟ್ಟಿದಾಗ ಇನ್ವರ್ಟರ್ ಕಡೆಯಿಂದ ಕರೆಂಟ್ ಬರುವುದುಂಟು.

ಪ್ಲಗ್ ಕಟ್ಟುವುದು

ಇದು ಸಣ್ಣ ಕೆಲಸ ಅಂತ ಎಲ್ಲರೂ ಅವಸರದಲ್ಲಿ ಮುಗಿಸುತ್ತಾರೆ, ಸುಡುವುದೂ ಇದೇ ಮೊದಲು. ಓವನ್ ಜೊತೆ ಬಂದ ಮೋಲ್ಡೆಡ್ ಪ್ಲಗ್ ಚೆನ್ನಾಗಿದ್ದರೆ ಮುಟ್ಟಬೇಡಿ. ಸುಟ್ಟಿದ್ದರೆ ಕತ್ತರಿಸಿ, ಕಪ್ಪಾದ ತಾಮ್ರ ಪೂರ್ತಿ ಹೋಗಿ ಹೊಳೆಯುವ ತಾಮ್ರ ಕಾಣುವವರೆಗೆ ಹಿಂದಕ್ಕೆ ಬನ್ನಿ. ಕಪ್ಪು ತಾಮ್ರಕ್ಕೆ ಹೊಸ ಪ್ಲಗ್ ಕಟ್ಟಿದರೆ ಅದೂ ಸುಡುತ್ತದೆ. ಕೇಬಲ್ಲೇ ಬದಲಿಸಬೇಕಾದರೆ ಮೊದಲು ಇದ್ದದ್ದಕ್ಕಿಂತ ತೆಳುವಾದದ್ದು ಬೇಡ, 1.5 ಸ್ಕ್ವೇರ್ ಎಂಎಂ ಮೂರು ಕೋರ್ ತನ್ನಿ.

ಕೇಬಲ್ಲಿನ ಒಳಗೆ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆ ಇರುವುದು ಅರ್ತ್. ಗೋಡೆಯ ಹಳೆಯ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಇರುತ್ತದೆ. ಆದರೆ ಬಣ್ಣ ನೋಡಿ ನಂಬಬೇಡಿ, ಮೀಟರ್ ಇಟ್ಟು ನೋಡಿ. ಕೆಂಪು ಮುಗಿದುಹೋಯಿತು ಅಂತ ಕಪ್ಪಿನಲ್ಲೇ ಫೇಸ್ ಎಳೆದ ಮನೆಗಳಿವೆ.

16 ಆಂಪಿನ ಗಟ್ಟಿ ಪ್ಲಗ್‌ಟಾಪ್ ಬಿಚ್ಚಿದರೆ ಒಳಗೆ ಎಲ್, ಎನ್, ಇ ಅಂತ ಕೆತ್ತಿರುತ್ತದೆ. ಎಲ್‌ಗೆ ಕಂದು, ಎನ್‌ಗೆ ನೀಲಿ, ಮೇಲಿನ ದಪ್ಪ ಪಿನ್ನಿಗೆ ಅರ್ತ್. ತಾಮ್ರದ ಎಳೆಗಳನ್ನು ಬಲವಾಗಿ ಹೊಸೆದು, ತುದಿಯನ್ನು ಒಮ್ಮೆ ಮಡಚಿ, ತೂತಿನೊಳಗೆ ತೂರಿಸಿ ಸ್ಕ್ರೂ ಬಿಗಿ ಮಾಡಿ. ಒಂದು ಎಳೆಯೂ ಹೊರಗೆ ಇಣುಕಬಾರದು. ಬಿಗಿ ಮಾಡಿದ ಮೇಲೆ ಒಂದೊಂದು ವೈರನ್ನೂ ಹಿಡಿದು ಎಳೆದು ನೋಡಿ, ಐದು ನಿಮಿಷ ಬಿಟ್ಟು ಸ್ಕ್ರೂವನ್ನು ಇನ್ನೊಮ್ಮೆ ತಿರುಗಿಸಿ. ತಾಮ್ರದ ಎಳೆಗಳು ಒತ್ತಡಕ್ಕೆ ಸ್ವಲ್ಪ ಕೂತುಕೊಳ್ಳುತ್ತವೆ, ಎರಡನೇ ಸಲ ಕಾಲು ಸುತ್ತಾದರೂ ಒಳಗೆ ಹೋಗುತ್ತದೆ. ಲೂಸ್ ಕನೆಕ್ಷನ್ ಹುಟ್ಟುವುದು ಆ ಕಾಲು ಸುತ್ತಿನಲ್ಲಿ. ಅರ್ತ್ ವೈರನ್ನು ಉಳಿದೆರಡಕ್ಕಿಂತ ಒಂದು ಸೆಂಟಿಮೀಟರ್ ಉದ್ದ ಬಿಡಿ. ಯಾರಾದರೂ ಕೇಬಲ್ ಜಗ್ಗಿದರೆ ಫೇಸ್ ಮೊದಲು ಕಿತ್ತುಬರಲಿ, ಅರ್ತ್ ಕೊನೆಗೆ ಬರಲಿ. ಪ್ಲಗ್ಗಿನ ಅರ್ತ್ ಪಿನ್ ಉದ್ದ ಇರುವುದೂ ಇದೇ ಕಾರಣಕ್ಕೆ, ಅದು ಮೊದಲು ಸೇರಿ ಕೊನೆಗೆ ಬಿಡುತ್ತದೆ. ಕೇಬಲ್ ಹಿಡಿಯುವ ಕ್ಲಾಂಪ್ ಹೊರಗಿನ ದಪ್ಪ ಹೊದಿಕೆಯ ಮೇಲೆ ಕೂರಬೇಕು, ಒಳಗಿನ ವೈರುಗಳ ಮೇಲಲ್ಲ.

ಅರ್ತ್ ಇದೆಯಾ ನೋಡಿ

ಸಾಕೆಟ್‌ನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ತ್ ಇದೆ ಅಂತಲ್ಲ. ಹಳೆ ಮನೆಗಳಲ್ಲಿ ಮೇಲಿನ ತೂತಿನ ಹಿಂದೆ ವೈರೇ ಇರುವುದಿಲ್ಲ. ಮಲ್ಟಿಮೀಟರನ್ನು ಎಸಿ 750 ಅಥವಾ 600 ವೋಲ್ಟ್‌ಗೆ ಇಟ್ಟು, ಪ್ರೋಬಿನ ಪ್ಲಾಸ್ಟಿಕ್ ಹಿಡಿಯಿಂದ ಬೆರಳು ಮುಂದೆ ಹೋಗದ ಹಾಗೆ ಹಿಡಿದು ಮೂರು ಸಲ ನೋಡಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ಹತ್ತಿರ ಬರಬೇಕು. ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟ್. ಕೊನೆಯದು ಹತ್ತಿಪ್ಪತ್ತು ತೋರಿಸಿದರೆ, ಅಥವಾ ಎರಡನೆಯದು ನೂರು, ಎಂಬತ್ತು ಅಂತ ಓಲಾಡಿದರೆ ಅರ್ತ್ ಸರಿಯಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಪಿಟ್‌ವರೆಗೆ ನೋಡಿಸಿ. ನ್ಯೂಟ್ರಲ್ಲಿನಿಂದಲೇ ಒಂದು ತುಂಡು ವೈರ್ ಎಳೆದು ಅರ್ತ್ ಪಿನ್ನಿಗೆ ಕೊಟ್ಟು 'ಆಯ್ತು ಸಾರ್' ಅನ್ನುವವರಿದ್ದಾರೆ, ಒಪ್ಪಬೇಡಿ. ಎಲ್ಲಾದರೂ ನ್ಯೂಟ್ರಲ್ ಕಡಿದುಹೋದ ದಿನ ಓವನ್ನಿನ ಮೈಯೆಲ್ಲ 230 ವೋಲ್ಟ್ ಆಗುತ್ತದೆ.

ಓವನ್ ಇಡುವಾಗ ಹಿಂದೆ, ಪಕ್ಕ ಒಂದು ಗೇಣು ಜಾಗ ಬಿಡಿ. ಕೇಬಲ್ ಓವನ್ನಿನ ಬೆನ್ನಿಗೆ ತಾಗಬಾರದು. ಹೊಸದಾದರೆ ಖಾಲಿ ಇಟ್ಟು ಜೋರು ಉರಿಯಲ್ಲಿ ಹದಿನೈದು ನಿಮಿಷ ಓಡಿಸಿ. ಹೊಗೆ, ವಾಸನೆ ಬರುತ್ತದೆ, ಕಾಯಿಲ್ ಮೇಲಿನ ಎಣ್ಣೆ ಅದು, ಹೆದರಬೇಕಾಗಿಲ್ಲ. ಆಗಲೇ ಸ್ವಿಚ್ ಆಫ್ ಮಾಡಿ ಪ್ಲಗ್ಗಿನ ಹೊರಮೈಯನ್ನು ಬೆರಳ ಹಿಂಬದಿಯಿಂದ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಸಾಕೆಟ್ ಸಡಿಲ ಅಂತ ಅರ್ಥ.

ಬಿಸಿಯೇ ಆಗುತ್ತಿಲ್ಲ

ಬಿಚ್ಚುವ ಮೊದಲು ಟೈಮರ್ ನೋಡಿ. ಒಟಿಜಿಯಲ್ಲಿ ಟೈಮರ್ ಸೊನ್ನೆಯಲ್ಲಿದ್ದರೆ ಏನು ಮಾಡಿದರೂ ಕಾಯಿಲ್ ಹತ್ತುವುದಿಲ್ಲ, ನಿಮಿಷಕ್ಕೆ ತಿರುಗಿಸಬೇಕು ಅಥವಾ ಸದಾ ಆನ್ ಇರುವ ಗುರುತಿಗೆ ಇಡಬೇಕು. ಇನ್ನೊಂದು, ಬಹಳ ಮಾದರಿಗಳಲ್ಲಿ ಬೇಕಾದ ಶಾಖ ಬಂದ ಕೂಡಲೇ ಥರ್ಮೋಸ್ಟಾಟ್ ಕಡಿದು ಕೆಂಪು ದೀಪವೂ ಆರುತ್ತದೆ. ಅದು ಕೆಟ್ಟದ್ದಲ್ಲ, ಸ್ವಲ್ಪ ಆರಿದ ಮೇಲೆ ಮತ್ತೆ ಹತ್ತುತ್ತದೆ. ಆಮೇಲೆ ಅದೇ ಸಾಕೆಟ್‌ಗೆ ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿ. ಅದೂ ಬಿಸಿಯಾಗದಿದ್ದರೆ ತಪ್ಪು ಗೋಡೆಯಲ್ಲಿದೆ.

ಸಾಕೆಟ್ ಸರಿಯಿದ್ದರೆ ಓವನ್ ಪ್ಲಗ್ ಕಿತ್ತು, ಪೂರ್ತಿ ಆರಲು ಬಿಟ್ಟು, ಒಳಗಿನ ದೀಪದ ಬಲ್ಬ್ ತೆಗೆದಿಡಿ. ಇಲ್ಲದಿದ್ದರೆ ಅದರ ಓಮ್ (ಕರೆಂಟಿಗೆ ಒಡ್ಡುವ ಅಡ್ಡಿಯ ಅಳತೆ) ಸೇರಿ ಲೆಕ್ಕ ತಪ್ಪುತ್ತದೆ. ಟೈಮರ್ ಆನ್, ಶಾಖ ಗರಿಷ್ಠ, ಮೇಲೆ ಕೆಳಗೆ ಎರಡೂ ಕಾಯಿಲ್ ಅಂತ ನಾಬ್‌ಗಳನ್ನು ಇಟ್ಟು, ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಎಷ್ಟು ಬರಬೇಕು? 52,900 ಅನ್ನು ವ್ಯಾಟಿನಿಂದ ಭಾಗಿಸಿ, 230ರ ವರ್ಗ ಅದು. 1500 ವ್ಯಾಟ್‌ಗೆ 35 ಓಮ್, 2000 ವ್ಯಾಟ್‌ಗೆ 26. ಒಂದೆರಡು ಓಮ್ ಆಚೀಚೆ ಆದರೆ ಚಿಂತೆಯಿಲ್ಲ. ಎರಡು ಪಟ್ಟು ಬಂದರೆ ಅರ್ಧ ಕಾಯಿಲ್ ಸತ್ತಿದೆ. ಏನೂ ತೋರಿಸದಿದ್ದರೆ ಎಲ್ಲೋ ಪೂರ್ತಿ ಕಡಿದಿದೆ. ಟಚ್ ಬಟನ್ ಇರುವ ಓವನ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದರೊಳಗಿನ ರಿಲೇ ಕರೆಂಟ್ ಇಲ್ಲದೆ ಸೇರುವುದಿಲ್ಲ.

ಕಡಿದಿದ್ದರೆ ಈಗ ಕವರ್ ಬಿಚ್ಚಬೇಕು, ಪ್ಲಗ್ ನಿಮ್ಮ ಕಣ್ಣೆದುರೇ ಮೇಜಿನ ಮೇಲಿರಲಿ. ಬಿಚ್ಚಿದ ತಕ್ಷಣ ಮೊಬೈಲ್‌ನಲ್ಲಿ ಮೂರು ನಾಲ್ಕು ಫೋಟೋ ತೆಗೆಯಿರಿ, ಯಾವ ವೈರ್ ಎಲ್ಲಿತ್ತು ಅಂತ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಕೇಬಲ್ ಒಳಗೆ ಬರುವ ಜಾಗದಿಂದ ಶುರು ಮಾಡಿ, ಒಂದೊಂದು ಭಾಗದ ಎರಡು ತುದಿಗೆ ಮೀಟರ್ ಇಡುತ್ತಾ ಹೋಗಿ: ಥರ್ಮಲ್ ಫ್ಯೂಸ್, ಟೈಮರ್, ಥರ್ಮೋಸ್ಟಾಟ್, ಸೆಲೆಕ್ಟರ್ ಸ್ವಿಚ್ (ಯಾವ ಕಾಯಿಲ್ ಬೇಕು ಅಂತ ಆರಿಸುವುದು), ಆಮೇಲೆ ಕಾಯಿಲ್. ಸ್ವಿಚ್ಚುಗಳು ಆನ್‌ನಲ್ಲಿ ಸೊನ್ನೆ ಹತ್ತಿರ ತೋರಿಸಬೇಕು. ಕಾಯಿಲ್ಲುಗಳ ಒಂದು ತುದಿಯ ವೈರ್ ಬಿಚ್ಚಿ ಅಳೆಯಿರಿ. ಕೆಲವು ಮಾದರಿಗಳಲ್ಲಿ ಮೇಲಿನ ಎರಡು ರಾಡ್‌ಗಳು ಸರಣಿಯಲ್ಲಿರುತ್ತವೆ, ಒಂದು ಸತ್ತರೆ ಎರಡೂ ತಣ್ಣಗಿರುತ್ತವೆ. ಎರಡನ್ನೂ ಕೊಳ್ಳುವ ಮುಂಚೆ ಬೇರೆ ಬೇರೆ ಅಳೆದು ನೋಡಿ.

ಕಾಯಿಲ್‌ಗಿಂತ ಜಾಸ್ತಿ ಸಲ ನನಗೆ ಸಿಕ್ಕಿರುವುದು ಸುಟ್ಟ ಲಗ್. ತಳ್ಳಿ ಸಿಕ್ಕಿಸುವ ಆ ಚಪ್ಪಟೆ ಕ್ಲಿಪ್ ನೀಲಿಯೋ ಕಪ್ಪೋ ಆಗಿ, ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೆ ಶಾಖ ತಡೆಯುವ ನಿಕಲ್ ಲೇಪನದ ಸ್ಟೀಲ್ ಲಗ್ ಬೇಕು, ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಬೇಕು. ಬೆಸುಗೆ ಹಾಕಬೇಡಿ, ಸಾಮಾನ್ಯ ಬೆಸುಗೆ ಸೀಸ 190 ಡಿಗ್ರಿ ಹತ್ತಿರ ಕರಗುತ್ತದೆ, ಓವನ್ ಅದಕ್ಕಿಂತ ಮೇಲೆ ಹೋಗುತ್ತದೆ. ಒಳಗಿನ ವೈರಿಗೆ ಮಾಮೂಲಿ ಪಿವಿಸಿ ವೈರ್, ಪಿವಿಸಿ ಟೇಪ್ ಎರಡೂ ನಿಷಿದ್ಧ. ಸಿಲಿಕೋನ್ ಅಥವಾ ಗಾಜಿನ ನಾರಿನ ಹೊದಿಕೆ ಇರುವ ವೈರ್ ಬಿಡಿಭಾಗದ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಥರ್ಮಲ್ ಫ್ಯೂಸ್ ಹೋಗಿದ್ದರೆ ಅದನ್ನು ನೇರ ಮಾಡಿ ಓಡಿಸಬೇಡಿ. ಥರ್ಮೋಸ್ಟಾಟ್ ಅಂಟಿಕೊಂಡು ಓವನ್ ಮಿತಿಮೀರಿ ಕಾದಾಗ ಅದು ಹೋಗುತ್ತದೆ, ಹಾಗಾಗಿ ಥರ್ಮೋಸ್ಟಾಟನ್ನೂ ಪರೀಕ್ಷಿಸಿ. ಹೊಸ ಫ್ಯೂಸ್ ಮೇಲೆ ಹಳೆಯದರ ಡಿಗ್ರಿ, ಆಂಪ್ ಎರಡೂ ಅದೇ ಇರಬೇಕು.

ಓವನ್ ಹಾಕಿದರೆ ಡಿಬಿ ಬೀಳುತ್ತದೆ

ಮೊದಲು ಬಿದ್ದದ್ದು ಯಾವುದು ಅಂತ ನೋಡಿ. ಎಂಸಿಬಿ ತಕ್ಷಣ ಬಿದ್ದರೆ ಶಾರ್ಟ್. ಜಿರಲೆ, ಹಲ್ಲಿ ಸೆಲೆಕ್ಟರ್ ಸ್ವಿಚ್ ಮೇಲೆ ಸತ್ತು ಬಿದ್ದಿರುವುದೂ ಉಂಟು. ಹತ್ತು ಹದಿನೈದು ನಿಮಿಷ ಕಳೆದು ಬಿದ್ದರೆ ಆ ಲೈನಿನಲ್ಲಿ ಬೇರೆ ಏನೋ ಓಡುತ್ತಿದೆ, ಇಲ್ಲವೇ ಎಂಸಿಬಿಯ ಸ್ಕ್ರೂ ಸಡಿಲವಾಗಿ ಅದೇ ಬಿಸಿಯಾಗುತ್ತಿದೆ.

ಆರ್‌ಸಿಸಿಬಿ ಬಿದ್ದರೆ ಕರೆಂಟ್ ಅರ್ತ್‌ಗೆ ಸೋರುತ್ತಿದೆ. ಕರಾವಳಿ, ಮಲೆನಾಡಿನವರಿಗೆ ಇದು ಚೆನ್ನಾಗಿ ಪರಿಚಯವಾಗುವ ತೊಂದರೆ. ನಮ್ಮ ಪಕ್ಕದ ಮನೆಯವರು ಮೇ ತಿಂಗಳಿಗೆ ಓವನ್‌ಗೆ ಪ್ಲಾಸ್ಟಿಕ್ ಕವರ್ ಹಾಕಿ ಎತ್ತಿಡುತ್ತಾರೆ, ಕ್ರಿಸ್‌ಮಸ್ಸಿನ ಕುಸ್ವಾರ್ (ಹಬ್ಬದ ತಿಂಡಿಗಳು) ಮಾಡುವ ಹೊತ್ತಿಗೆ ಡಿಸೆಂಬರಿನಲ್ಲಿ ಇಳಿಸುತ್ತಾರೆ. ಒಂದು ವರ್ಷ ಕೇಕಿನ ಹಿಟ್ಟು ಕಲಸಿ ಆಗಿತ್ತು, ಓವನ್ ಹಾಕಿದ ಕೂಡಲೇ ಮನೆಯಿಡೀ ಕತ್ತಲು. ಮತ್ತೆ ಹಾಕಿದರು, ಮತ್ತೆ ಕತ್ತಲು. ಓವನ್ ಕೆಟ್ಟಿರಲಿಲ್ಲ, ಕಾಯಿಲ್ ತೇವ ಕುಡಿದಿತ್ತು. ಸ್ಟೀಲ್ ಕೊಳವೆಯ ಕಾಯಿಲ್ ಒಳಗೆ ಸುರುಳಿ ತಂತಿ ಇರುತ್ತದೆ, ಅದರ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಅನ್ನುವ ಬಿಳಿ ಪುಡಿ ತುಂಬಿರುತ್ತಾರೆ. ಶಾಖ ಬಿಡುತ್ತದೆ, ಕರೆಂಟ್ ಬಿಡುವುದಿಲ್ಲ, ಅದಕ್ಕೇ ಅದು. ಆದರೆ ಆ ಪುಡಿ ಗಾಳಿಯ ತೇವವನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ಸುಮ್ನೆ ಇಟ್ಟರೆ ತುದಿಗಳಿಂದ ಒಳಗೆ ಸೇರಿ ಸೋರಿಕೆ ಶುರುವಾಗುತ್ತದೆ.

ಪರೀಕ್ಷೆ ಹೀಗೆ. ಓವನ್ ಪ್ಲಗ್ ಹಾಕಿ, ಗೋಡೆಯ ಸ್ವಿಚ್ ಆಫ್‌ನಲ್ಲೇ ಇರಲಿ. ಆಗಲೂ ಬಿದ್ದರೆ ನ್ಯೂಟ್ರಲ್ ಮತ್ತು ಓವನ್ನಿನ ಮೈ ಎಲ್ಲೋ ತಾಗಿವೆ, ಯಾಕೆಂದರೆ ಮಾಮೂಲಿ ಸ್ವಿಚ್ ಫೇಸನ್ನು ಮಾತ್ರ ಕಡಿಯುತ್ತದೆ. ಆನ್ ಮಾಡಿದಾಗ ಮಾತ್ರ ಬಿದ್ದರೆ ಮೇಲಿನ ಕಾಯಿಲ್ ಒಂದನ್ನೇ, ಆಮೇಲೆ ಕೆಳಗಿನದನ್ನು ಮಾತ್ರ ಹಾಕಿ ನೋಡಿ, ಯಾವುದೆಂಬ ಸುಳಿವು ಸಿಗುತ್ತದೆ. ಚೆನ್ನಾಗಿ ಕಾದ ಮೇಲೆಯೇ ಬೀಳುವುದಾದರೆ ಕಾಯಿಲ್ ಎಲ್ಲೋ ಬಿರುಕು ಬಿಟ್ಟಿರಬಹುದು. ಖಚಿತ ಮಾಡಲು ಪ್ಲಗ್ ಕಿತ್ತು, ಕಾಯಿಲ್ಲಿನ ಎರಡೂ ವೈರ್ ಬಿಚ್ಚಿ, ತುದಿಗೂ ಹೊರಗಿನ ಕೊಳವೆಗೂ ನಡುವೆ 500 ವೋಲ್ಟಿನ ಮೆಗ್ಗರ್ (ಜಾಸ್ತಿ ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ ಮೀಟರ್) ಇಡಬೇಕು. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಸೋರುತ್ತಿದೆ. ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಈ ಸೋರಿಕೆ ಎಷ್ಟೋ ಸಲ ಕಾಣುವುದೇ ಇಲ್ಲ, ಅದು ಸರಿ ಅಂದಿತು ಅಂತ ನಂಬಬೇಡಿ. ಮೆಗ್ಗರ್ ಎಲೆಕ್ಟ್ರಿಷಿಯನ್ನರ ಬಳಿ ಇರುತ್ತದೆ.

ತೇವವಾದರೆ ಒಣಗಿಸಬಹುದು. ಕಾಯಿಲ್ ಬಿಚ್ಚಿ ಎರಡು ದಿನ ಜೋರು ಬಿಸಿಲಿಗಿಡಿ, ಅಥವಾ ಯಾರದಾದರೂ ಓವನ್ ಸಿಕ್ಕಿದರೆ ಅದರೊಳಗೆ 120 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಪಕ್ಕದ ಮನೆಯದನ್ನು ನಮ್ಮ ಓವನ್‌ನಲ್ಲೇ ಒಣಗಿಸಿದೆವು. ಮೆಗ್ಗರ್ ಮೊದಲು ಒಂದು ಮೆಗಾಓಮ್‌ಗಿಂತ ಬಹಳ ಕೆಳಗೆ ತೋರಿಸಿದ್ದು ಐವತ್ತು ದಾಟಿತು, ಆ ರಾತ್ರಿಯೇ ಕೇಕ್ ಬೇಯಿತು. ಒಣಗಿಸಿದ ಮೇಲೂ ಏರದಿದ್ದರೆ ಕಾಯಿಲ್ ಬದಲಿಸಿ. ಅರ್ತ್ ವೈರ್ ಕಿತ್ತು ಒಂದು ಗಂಟೆ ಓಡಿಸಿದರೆ ಒಣಗುತ್ತದೆ ಅಂತ ಕೆಲವು ರಿಪೇರಿಯವರು ಹೇಳುತ್ತಾರೆ. ಆ ಒಂದು ಗಂಟೆ ಓವನ್ನಿನ ಬಾಗಿಲು ಮುಟ್ಟಿದವರ ಗತಿ ಏನು? ದಯವಿಟ್ಟು ಮಾಡಬೇಡಿ, ಮಾಡಲು ಬಿಡಲೂ ಬೇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಖಾಲಿ ಓವನ್ ಓಡಿಸಿದರೆ ಈ ತೊಂದರೆಯೇ ಬರುವುದಿಲ್ಲ.

ಮುಟ್ಟಿದರೆ ಜುಮ್ ಅನ್ನುತ್ತದೆ ಅಂತಾದರೆ ಆ ಕ್ಷಣಕ್ಕೇ ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ. ಪ್ಲಗ್ಗಿನ ಅರ್ತ್ ಪಿನ್ನಿಗೂ ಓವನ್ನಿನ ಬಣ್ಣವಿಲ್ಲದ ಯಾವುದಾದರೂ ಸ್ಕ್ರೂವಿಗೂ ಓಮ್ ಅಳೆಯಿರಿ, ಒಂದು ಓಮ್ ಒಳಗಿರಬೇಕು. ಅದು ಸರಿಯಿದ್ದರೆ ಗೋಡೆಯ ಅರ್ತ್ ಇಲ್ಲ. ಹೇಗಾದರೂ ಸೋರಿಕೆ ಎಲ್ಲಿಂದ ಅಂತ ಸಿಗುವವರೆಗೆ ಓವನ್ ಬಳಸಬೇಡಿ. ರಬ್ಬರ್ ಚಪ್ಪಲಿ ಹಾಕಿಕೊಂಡು ಬೇಯಿಸುವುದು ಪರಿಹಾರವಲ್ಲ.

ಶಾಖ ಸರಿಯಾಗಿ ಬರ್ತಿಲ್ಲ

ಕೇಕ್ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿದರೆ ಸಕ್ಕರೆಯಿಂದ ನೋಡಬಹುದು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಹರಡಿ, ಮೊದಲೇ ಕಾದ ಓವನ್‌ನಲ್ಲಿ 175ಕ್ಕೆ ಹದಿನೈದು ನಿಮಿಷ ಇಡಿ, ಕರಗಬಾರದು. ಹೊಸ ಸಕ್ಕರೆ ಹಾಕಿ 190ಕ್ಕೆ ಇಡಿ, ಕರಗಬೇಕು. ಮೊದಲನೆಯದೇ ಕರಗಿದರೆ ಓವನ್ ಹೇಳುವುದಕ್ಕಿಂತ ಜಾಸ್ತಿ ಕಾಯುತ್ತಿದೆ. ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸವಾದರೆ ನಾಬ್ ಪಕ್ಕ ಪೆನ್ನಿನಲ್ಲಿ ಗುರುತು ಹಾಕಿಕೊಂಡರೆ ಸಾಕು. ಕಡಿಯುವುದೇ ಇಲ್ಲ, ಕಾಯುತ್ತಲೇ ಹೋಗುತ್ತದೆ ಅಂತಾದರೆ ಥರ್ಮೋಸ್ಟಾಟ್ ಬದಲಿಸಿ. ಬಾಗಿಲಿನ ಸಂದಿಯಿಂದ ಬಿಸಿ ಗಾಳಿ ಹೋಗುತ್ತಿದೆಯಾ ಅಂತಲೂ ನೋಡಿ, ಹಿಂಜ್ ಸ್ಪ್ರಿಂಗ್ ಸಡಿಲವಾಗಿರುತ್ತದೆ.

ರಿಪೇರಿ ಮುಗಿದ ಮೇಲೆ

ಕವರ್ ಹಾಕುವ ಮೊದಲು ಯಾವ ವೈರೂ ಕಾಯಿಲ್‌ಗಾಗಲಿ, ಚೂಪು ತಗಡಿನ ಅಂಚಿಗಾಗಲಿ ತಾಗಿಲ್ಲ ಅಂತ ನೋಡಿ. ಮೈಗೆ ಬಿಗಿದ ಅರ್ತ್ ಸ್ಕ್ರೂವನ್ನು ಕೈಯಾರೆ ತಿರುಗಿಸಿ ಪರೀಕ್ಷಿಸಿ, ಬಿಚ್ಚಿ ಮರೆಯುವುದು ಅದನ್ನೇ. ಎಲ್ಲ ಸ್ಕ್ರೂ ಬಿಗಿದ ಮೇಲೆ ಪ್ಲಗ್ಗಿನಲ್ಲಿ ಮತ್ತೆ ಮೂರು ಅಳತೆ: ಫೇಸ್ ನ್ಯೂಟ್ರಲ್ ನಡುವೆ ಲೆಕ್ಕದ ಓಮ್, ಫೇಸ್ ಅರ್ತ್ ನಡುವೆ ಏನೂ ಬರಬಾರದು, ಅರ್ತ್ ಪಿನ್ನಿಗೂ ಮೈಗೂ ಒಂದು ಓಮ್ ಒಳಗೆ. ಮೂರೂ ಸರಿಯಿದ್ದರೆ ಪ್ಲಗ್ ಹಾಕಿ, ಮಕ್ಕಳನ್ನು ದೂರ ಇಟ್ಟು, ಖಾಲಿ ಓವನ್ನನ್ನು ಇಪ್ಪತ್ತು ನಿಮಿಷ ಪೂರ್ತಿ ಉರಿಯಲ್ಲಿ ಓಡಿಸಿ. ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತಿರಿ. ಮೀನಿನ ವಾಸನೆ ಬರದಿದ್ದರೆ, ಸ್ವಿಚ್ ಆಫ್ ಮಾಡಿ ಮುಟ್ಟಿದಾಗ ಪ್ಲಗ್ ಬೆಚ್ಚಗಷ್ಟೇ ಇದ್ದರೆ, ಕೇಕಿಗೆ ಹಿಟ್ಟು ಕಲಸಬಹುದು.